ಬೋರ್ಡಣ್ಣ ಅಕ್ಕನ ಟಪಾಲು ಸರಿಮಾಡಿದ್ದು

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆ ಹೆಸರು ಹಿಡಿದು ಪೇಟೆಬೀದಿಯಲ್ಲಿ ವಿಚಾರಿಸಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. ಬೋರ್ಡಣ್ಣ ಎಂದರೆ ಸಾಕು, ಹಾಲು ತರಲು ಹೊರಟ ಮಕ್ಕಳೂ ನಿಂತು, "ಅಗೋ, ಆ ಹಸಿರು ಬಾಗಿಲು" ಎಂದು ಕೈ ಚಾಚುತ್ತಿದ್ದವು.

ಮೀಸೆ ಚಿಗುರುವ ವಯಸ್ಸಿಗೇ ಏಣಿ ಹತ್ತಿದವನು ಅವನು. ನೂಲಿಗೆ ಸುಣ್ಣದ ಪುಡಿ ಸವರಿ, ಹಲಗೆಯ ಎರಡು ತುದಿಗೆ ಬಿಗಿಯಾಗಿ ಹಿಡಿದು, ಟಪ್ಪನೆ ಮಿಡಿದು ಗೆರೆ ಮೂಡಿಸಿ, ಆ ಗೆರೆಯ ಮೇಲೆ ಅಕ್ಷರ ಕೂರಿಸುವ ಕೆಲಸ. ಕ್ಷೌರದಂಗಡಿ, ಬೀಗದಂಗಡಿ, ಹಲ್ಲಿನ ಡಾಕ್ಟರ ಕೋಣೆ, ಪಿಟೀಲಿನ ಪಾಠದ ಮನೆ, ಬೀದಿಯ ಎರಡೂ ಬದಿಯ ಬೋರ್ಡುಗಳೆಲ್ಲ ಅವನ ಕೈಯಿಂದ ಇಳಿದವು. "ಈ ಬೀದಿಯ ಅಂಗಡಿಗಳ ಹಣೆಬರಹ ಬರೆದವನು ಆ ಮೇಲಿನವನಲ್ಲ ಕಣ್ರೀ, ಏಣಿ ಮೇಲಿನವನು" ಎಂದು ಅವನು ಹೇಳಿದರೆ ಯಾರೂ ಜಂಬ ಎಂದುಕೊಳ್ಳುತ್ತಿರಲಿಲ್ಲ. ನಿಜವೇ ತಾನೆ.

ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಯಂತ್ರ ಉಗುಳಿಕೊಡುವ ಬೋರ್ಡಿನ ಮುಂದೆ, ಒಂದೊಂದು ಅಕ್ಷರದ ಹೊಟ್ಟೆ ತಿದ್ದುತ್ತಾ ಕೂರುವ ಬೋರ್ಡಣ್ಣನನ್ನು ಕಾಯುವವರು ಯಾರು? ಬಣ್ಣದ ಡಬ್ಬಿಗಳ ಮೇಲೆ ಕೆನೆ ಕಟ್ಟಿತು, ಕುಂಚಗಳು ಸೆಟೆದುಕೊಂಡವು, ಅವನೂ ಸ್ವಲ್ಪ ಸೆಟೆದುಕೊಂಡ. ಅವನ ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದವಳು. ಮುಖ ಊದಿಸಿಕೊಂಡವರನ್ನು ದಿನಾ ನೋಡುವ ಅವಳಿಗೆ ಮನೆಯಲ್ಲೂ ಅಂಥದೊಂದು ಮುಖ ಬೇಕಿರಲಿಲ್ಲ.

"ರೀ, ಜನ ಈಗ ತಲೆ ಎತ್ತಿ ನಡೀತಾರಾ? ತಲೆ ತಗ್ಗಿಸಿ ಫೋನ್ ನೋಡ್ಕೊಂಡೇ ನಡೀತಾರೆ. ನೀವು ಅಲ್ಲೇ ಬೋರ್ಡ್ ಬರೀರಿ" ಅಂದಳು ಒಂದು ದಿನ, ಅನ್ನಕ್ಕೆ ನೀರಿಡುತ್ತಾ.

ತಮಾಷೆಗೆ ಅಂದದ್ದೋ ನಿಜಕ್ಕೆ ಅಂದದ್ದೋ, ಬೋರ್ಡಣ್ಣನ ತಲೆಯೊಳಗೆ ಅದು ಕೂತುಬಿಟ್ಟಿತು. ಐವತ್ತರ ಹತ್ತಿರದ ಮನುಷ್ಯ, ಮಕ್ಕಳ ವಯಸ್ಸಿನವರ ಜೊತೆ ಬೆಂಚಿನ ತುದಿಯಲ್ಲಿ ಕೂತು ವೆಬ್‌ಸೈಟು ಮಾಡುವುದನ್ನು ಕಲಿತ. ಮೊದಮೊದಲು ಮೌಸ್ ಅನ್ನು ಕುಂಚದಂತೆ ತುದಿಬೆರಳಲ್ಲಿ ಹಿಡಿಯುತ್ತಿದ್ದನಂತೆ. ಕಲಿತ ಮೇಲೆ ಬೀದಿಯ ಹಳೇ ಗಿರಾಕಿಗಳೇ ಮತ್ತೆ ಬಂದರು. ಬೋರ್ಡು ಬರೆದವನೇ ವೆಬ್‌ಸೈಟೂ ಮಾಡಿಕೊಡುತ್ತಾನೆ ಎಂದರೆ ಅವರಿಗೂ ಒಂದು ಧೈರ್ಯ. ಹೆಸರು ಮಾತ್ರ ಬೋರ್ಡಣ್ಣ ಎಂದೇ ಉಳಿಯಿತು.

ಅವನು ಮಾಡಿದ ಮೊಟ್ಟಮೊದಲ ವೆಬ್‌ಸೈಟು ಅವನ ಅಕ್ಕನದು.

ಅಕ್ಕ ಬೂಟು ಹೊಲಿಯುವವಳು. ಅಂಗಡಿಯಲ್ಲಿ ಜೋಡಿ ಜೋಡಿಯಾಗಿ ಸಿಗುವ ಬೂಟು ಯಾರ ಕಾಲಿಗೆ ಕೂರುವುದಿಲ್ಲವೋ ಅವರಿಗಾಗಿ ಮಾತ್ರ ಹೊಲಿಯುವವಳು. ಒಂದು ಪಾದ ದೊಡ್ಡದು ಒಂದು ಚಿಕ್ಕದು, ಬೆರಳಿಲ್ಲದ್ದು, ಸೊಟ್ಟಗಾದದ್ದು, ಒಂದು ಕಾಲು ಗಿಡ್ಡ ಇರುವವರದು. ಇದು ಅವಳ ಗಂಡ ಮಾಡುತ್ತಿದ್ದ ಕೆಲಸ. ಪಕ್ಕದಲ್ಲಿ ಕೂತು ದಾರಕ್ಕೆ ಮೇಣ ಹಚ್ಚಿಕೊಡುತ್ತಲೇ ಅವಳು ಕಲಿತಳು. ಭಾವ ತೀರಿಕೊಂಡ ಮೇಲೆ ದಬ್ಬಣವನ್ನು ತಾನೇ ಕೈಗೆತ್ತಿಕೊಂಡಳು. ಉದ್ದನೆಯ ಒಂದೇ ಕೋಣೆಯ ಅಂಗಡಿ ಅವಳದು. ಗೋಡೆಯ ತುಂಬ ಗಿರಾಕಿಗಳ ಪಾದದ ಮರದ ಅಚ್ಚುಗಳು ಮೊಳೆಗೆ ನೇತಾಡುತ್ತವೆ. ಕಿಟಕಿಯ ಪಕ್ಕ ಹೊಲಿಗೆಯ ಮಣೆ, ಬಾಗಿಲ ಪಕ್ಕ ಗಿರಾಕಿಗಳು ಕೂರುವ ಕುರ್ಚಿ, ನಡುವೆ ನಡೆದು ನೋಡಲು ಖಾಲಿ ಬಿಟ್ಟ ಜಾಗ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಎಲ್ಲರೂ. ನಾನು ಕಾಲಿದ್ದಷ್ಟು ಬೂಟು ಹೊಲೀತೀನಿ" ಅನ್ನುವುದು ಅವಳ ಮಾತು.

ವೆಬ್‌ಸೈಟು ಮಾಡುವಾಗ ಅವಳು ಕೇಳಿದ್ದು ಒಂದೇ. "ಜನ ಕಾಲಿನ ಕಷ್ಟ ಬಾಯಿಬಿಟ್ಟು ಹೇಳಲ್ಲ ಕಣೋ. ಫೋನಲ್ಲಂತೂ ಹೇಳೋದೇ ಇಲ್ಲ, 'ಆಮೇಲೆ ಮಾಡ್ತೀನಿ' ಅಂತ ಇಟ್ಟುಬಿಡ್ತಾರೆ. ಬರೆಯೋಕೆ ಅವರಿಗೊಂದು ಜಾಗ ಇಡು."

ಬೋರ್ಡಣ್ಣ ಇಟ್ಟ. ಅಕ್ಕನ ಕೈಗಳ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಅಂಗಡಿಯ ಹೆಸರು, ಕೊನೆಯಲ್ಲಿ ಬರೆಯುವ ಜಾಗ: ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಕಾಲಿನ ತೊಂದರೆ. ಯಾರಾದರೂ ಬರೆದು 'ಕಳಿಸಿ' ಒತ್ತಿದರೆ ಅದು ಇಮೇಲ್ ಆಗಿ ಅಕ್ಕನಿಗೆ ಬರಬೇಕು. ಪರೀಕ್ಷೆಗೆಂದು ಅವನೇ ತನ್ನ ಹೆಸರು ಹಾಕಿ, 'ನನ್ನ ಕಾಲು ನೆಟ್ಟಗಿದೆ, ತಲೆ ಸೊಟ್ಟಗಿದೆ' ಎಂದು ಬರೆದು ಒತ್ತಿದ. ಅಕ್ಕನ ಫೋನು ಅಲ್ಲೇ ಟಿಣ್ ಎಂದಿತು. ಅಕ್ಕ ತಮ್ಮ ಇಬ್ಬರೂ ನಕ್ಕರು. ಆಯಿತು, ಕೆಲಸ ಮುಗಿಯಿತು ಎಂದುಕೊಂಡರು.

ಅದರ ನಂತರ ಆ ಜಾಗದಿಂದ ಒಂದೋ ಎರಡೋ ಪತ್ರ ಬಂದಿರಬೇಕು, ಅಷ್ಟೇ. ಅಕ್ಕನಿಗೆ ಹಳೇ ಗಿರಾಕಿಗಳಿದ್ದರು, ಅವರು ಕಳಿಸಿದ ಹೊಸ ಗಿರಾಕಿಗಳಿದ್ದರು, ದಬ್ಬಣ ನಿಲ್ಲಲಿಲ್ಲ. ಜನ ಬರೆಯಲೂ ನಾಚಿಕೊಳ್ಳುತ್ತಾರೆ ಎಂದುಕೊಂಡು ಸುಮ್ಮನಾದಳು. ತಮ್ಮ ಆಸೆಪಟ್ಟು ಮಾಡಿಕೊಟ್ಟದ್ದು, ಕೆಲಸಕ್ಕೆ ಬರಲಿಲ್ಲ ಎಂದು ಹೇಗೆ ಹೇಳುವುದು? ಅವನು ಬಂದಾಗಲೆಲ್ಲ, "ವೆಬ್‌ಸೈಟು ಹೇಗಿದೆ ಅಕ್ಕಾ?" ಎಂದು ಕೇಳುವನು. "ಚೆನ್ನಾಗಿದೆ ಕಣೋ, ನೋಡೋಕೆ" ಎನ್ನುವಳು ಅವಳು. ಆ 'ನೋಡೋಕೆ' ಎಂಬುದರ ಮೇಲೆ ಅವನ ಗಮನ ಹೋಗಲೇ ಇಲ್ಲ. ಹೊಗಳಿಕೆ ಎಂದುಕೊಂಡು ಟೀ ಕುಡಿದು ಹೋಗುವನು.

ಹೀಗಿರುವಾಗ ಒಂದು ಬೆಳಿಗ್ಗೆ ಅಕ್ಕನ ಅಂಗಡಿಗೆ ತಾಯಿ ಮಗಳು ಬಂದರು. ಮಗಳು ಕೋಲೂರಿಕೊಂಡು ಹಿಂದೆ ನಿಂತಳು. ತಾಯಿ ಎಂದರೆ ಬೆಳ್ಳಿ ಕೂದಲನ್ನು ಬಿಗಿಯಾಗಿ ಹಿಂದಕ್ಕೆಳೆದು ಗಂಟು ಹಾಕಿದ, ಕೈಚೀಲವನ್ನು ಎದೆಗವಚಿ ಹಿಡಿದ ಹೆಂಗಸು. ನಮಸ್ಕಾರವಿಲ್ಲ, ಏನಿಲ್ಲ.

"ಉತ್ತರ ಬರೆಯೋಕೆ ಪುರುಸೊತ್ತಿಲ್ಲ ಅಂದ್ರೆ ಬರೀರಿ ಅಂತ ಯಾಕೆ ಹಾಕ್ಕೋತೀರಿ?" ಎಂದರು.

ಅಕ್ಕ ಕೈಯಲ್ಲಿದ್ದ ಚರ್ಮವನ್ನು ಕೆಳಗಿಟ್ಟಳು. "ಯಾವ ಉತ್ತರ ಅಮ್ಮಾ? ಕೂತ್ಕೊಳ್ಳಿ ಮೊದಲು."

"ಕೂರೋದು ಆಮೇಲೆ. ಇವಳು ಸ್ಕೂಲ್ ಟೀಚರು. ಅಪಘಾತದಲ್ಲಿ ಕಾಲು ಮುರಿದು, ಕೂಡಿದ ಮೇಲೆ ಗಿಡ್ಡ ಆಯ್ತು. ರಜೆ ಮುಗಿದರೆ ದಿನವಿಡೀ ಕ್ಲಾಸಲ್ಲಿ ನಿಲ್ಲಬೇಕು. ನಿಮಗೆ ಎರಡು ಸಲ ಬರೆದಳು, ಇಷ್ಟುದ್ದ. ಒಂದು ಅಕ್ಷರ ಬರಲಿಲ್ಲ. ನಾನು ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ದೋಳು. ಜೀವಮಾನದಲ್ಲಿ ಒಂದು ಕರೆಗೆ ಉತ್ತರ ಕೊಡದೆ ಬಿಟ್ಟಿಲ್ಲ. ಲೈನ್ ಸಿಗಲ್ಲ ಅಂದ್ರೆ ಸಿಗಲ್ಲ ಅಂತಾದ್ರೂ ಹೇಳ್ತಿದ್ದೆ!"

"ಅಮ್ಮಾ, ಸಾಕು" ಎಂದಳು ಟೀಚರು ಮೆಲ್ಲಗೆ. ನಂತರ ಅಕ್ಕನ ಕಡೆ ತಿರುಗಿ, "ನಾನು ಬರಲ್ಲ ಅಂದೆ. ನಿಮಗೂ ನನ್ನ ಕಾಲು ಬೇಡವಾಯ್ತೇನೋ ಅಂದ್ಕೊಂಡಿದ್ದೆ. ಅಮ್ಮನೇ ಎಳ್ಕೊಂಡು ಬಂದ್ರು" ಎಂದಳು.

ಆ ಮಾತು ಅಕ್ಕನಿಗೆ ನಾಟಿತು. ಎಷ್ಟೋ ಬಗೆಯ ಪಾದ ಅವಳ ಮಡಿಲ ಮೇಲೆ ಕೂತು ಎದ್ದಿವೆ, ಯಾವುದನ್ನೂ ಅವಳು ಬೇಡ ಎಂದವಳಲ್ಲ. "ಆಣೆ ಮಾಡಿ ಹೇಳ್ತೀನಿ ಮಗಳೇ, ನಿನ್ನ ಕಾಗದ ನನ್ನ ಕಣ್ಣಿಗೆ ಬಿದ್ದಿಲ್ಲ. ಬಿದ್ದಿದ್ರೆ ನಾನೇ ನಿಮ್ಮನೆ ಹುಡುಕ್ಕೊಂಡು ಬರ್ತಿದ್ದೆ" ಎಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತಾನು ನೆಲಕ್ಕೆ ಕೂತು, ಅವಳ ಪಾದವನ್ನು ಮಡಿಲಿಗೆ ಎತ್ತಿಕೊಂಡಳು. ಅಳತೆ ತೆಗೆದದ್ದೂ ಆಯಿತು, ತಾಯಿಗೆ ಟೀ ಬಂದದ್ದೂ ಆಯಿತು. ಅವರು ಅತ್ತ ಹೋದದ್ದೇ ತಡ, ಅಕ್ಕ ತಮ್ಮನಿಗೆ ಫೋನು ಮಾಡಿದಳು.

"ಲೋ, ಬಾ ಇಲ್ಲಿ. ನಿನ್ನ ವೆಬ್‌ಸೈಟು ನನ್ನ ಮರ್ಯಾದೆ ತೆಗೀತು."

ಬೋರ್ಡಣ್ಣ ಊಟದ ತಟ್ಟೆ ಬಿಟ್ಟು ಓಡಿಬಂದ. ಅಕ್ಕನ ಇಮೇಲನ್ನು ತೆಗೆದು ಎಲ್ಲ ಕಡೆ ತಡಕಿದ. ಬಂದದ್ದರಲ್ಲಿ ಇಲ್ಲ, ಅಳಿಸಿದ್ದರಲ್ಲಿ ಇಲ್ಲ. ಕೊನೆಗೆ ಸ್ಪ್ಯಾಮ್ ಎಂಬ ಕಸದ ಮೂಲೆಯನ್ನು ತೆರೆದ. ಅಕ್ಕ ಅಂಥದೊಂದು ಮೂಲೆ ಇದೆ ಎಂದೇ ತಿಳಿದವಳಲ್ಲ. ಲಾಟರಿ ಹೊಡೆದಿದೆ ಎನ್ನುವವರು, ಬೊಜ್ಜು ಕರಗಿಸುತ್ತೇವೆ ಎನ್ನುವವರು, ಎಲ್ಲಿಯದೋ ರಾಜಕುಮಾರನ ಆಸ್ತಿ ಹಂಚುವವರು, ಈ ಗದ್ದಲದ ನಡುವೆ ಟೀಚರ ಎರಡೂ ಪತ್ರಗಳು ತಲೆ ತಗ್ಗಿಸಿ ನಿಂತಿದ್ದವು. ಅವುಗಳ ಅಕ್ಕಪಕ್ಕ ಇನ್ನೂ ಕೆಲವು. ಒಬ್ಬ ಅಡುಗೆಯವನು, ದಿನವಿಡೀ ಒಲೆಯ ಮುಂದೆ ನಿಂತು ಹಿಮ್ಮಡಿ ಒಡೆದವನು. ಹುಟ್ಟಿನಿಂದ ಪಾದ ಒಳಗೆ ತಿರುಗಿದ ಮಗುವಿನ ತಂದೆ. 'ನನ್ನ ಎಡಗಾಲಿಗೆ ಹೆಬ್ಬೆರಳಿಲ್ಲ, ನಗಬೇಡಿ' ಎಂದು ಶುರುಮಾಡಿದ ಒಬ್ಬಳು.

"ಇದಕ್ಕಿಂತ ಹಳೇವು?" ಎಂದಳು ಅಕ್ಕ.

ಬೋರ್ಡಣ್ಣ ಪಟ್ಟಿಯನ್ನು ಕೊನೆಯವರೆಗೂ ಸರಿಸಿ ನೋಡಿದ. "ಈ ಮೂಲೆಗೆ ಬಿದ್ದದ್ದನ್ನ ಒಂದು ತಿಂಗಳಾದ ಮೇಲೆ ಅದೇ ಗುಡಿಸಿ ಹಾಕ್ಬಿಡುತ್ತೆ ಅಕ್ಕಾ. ಹಳೇವು ಹೋದವು."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು, "ಎಷ್ಟು ಜನ ಬರೆದಿದ್ರೋ ಏನೋ" ಎಂದಳು.

ಬೋರ್ಡಣ್ಣನಿಗೆ ನೆನಪಿರುವಂತೆ ಅವನು ಬರೆದ ಯಾವ ಬೋರ್ಡೂ ಹೀಗೆ ಮೋಸ ಮಾಡಿರಲಿಲ್ಲ. ಬಣ್ಣ ಮಾಸಿದರೆ ಬೀದಿಗೆಲ್ಲ ಕಾಣುತ್ತದೆ, ಅಕ್ಷರ ತಪ್ಪಿದರೆ ದಾರಿಹೋಕನೂ ನಿಲ್ಲಿಸಿ ಹೇಳುತ್ತಾನೆ. ಇದು ಮುಂಬಾಗಿಲಿಗೆ ತೋರಣ ಕಟ್ಟಿ ಒಳಗಿಂದ ಚಿಲಕ ಹಾಕಿದ ಹಾಗೆ. ಬಂದವರು ತಟ್ಟಿ ತಟ್ಟಿ ಹೋಗಿದ್ದಾರೆ, ಒಳಗಿದ್ದವರಿಗೆ ಸದ್ದೇ ಇಲ್ಲ.

ಸಿಕ್ಕ ಪತ್ರಗಳಿಗೆಲ್ಲ 'ಇದು ಸ್ಪ್ಯಾಮ್ ಅಲ್ಲ' ಎಂದು ಗುರುತು ಹಾಕಿ ಈಚೆಗೆ ತಂದ. ಇನ್ನು ಸರಿಹೋಯಿತು ಎಂದುಕೊಂಡು, ಪರೀಕ್ಷೆಗೆ ತಾನೇ ಒಂದು ಕಳಿಸಿದ. ಟಿಣ್. ಬಂತು. ಎದೆಯ ಭಾರ ಇಳಿಯಿತು. ಮನೆಗೆ ಹೋಗಿ ಹೆಂಡತಿಗೆ ಹೇಳಿದಾಗ ಅವಳು, "ನಾನೊಂದು ಕಳಿಸ್ತೀನಿ ತಾಳಿ" ಎಂದು ವೆಬ್‌ಸೈಟಿನ ಆ ಜಾಗದಲ್ಲಿ ತನ್ನ ಇಮೇಲ್ ಹಾಕಿ 'ಅತ್ತಿಗೆ, ನಿಮ್ಮ ತಮ್ಮ ಬೂಟಿಲ್ಲದೆ ಓಡಾಡ್ತಿದ್ದಾರೆ' ಎಂದು ಬರೆದಳು. ಅಕ್ಕನಿಗೆ ಫೋನು ಮಾಡಿ ಕೇಳಿದರೆ, ಟಿಣ್ ಎಂದೇ ಇಲ್ಲ, ಅದು ಮತ್ತೆ ಕಸದ ಮೂಲೆಯಲ್ಲಿ, ರಾಜಕುಮಾರನ ಪಕ್ಕದಲ್ಲಿ.

"ನಾನು ಕಳಿಸಿದ್ರೆ ಹೋಗುತ್ತೆ, ನೀನು ಕಳಿಸಿದ್ರೆ ಹೋಗಲ್ಲ. ಇದೇನು ಅತ್ತಿಗೆ ನಾದಿನಿ ಜಗಳಾನಾ?" ಎಂದ ಬೋರ್ಡಣ್ಣ. ಅವನಿಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಮರುದಿನ, ವೆಬ್‌ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿಯ ಹೆಲ್ಪ್‌ಲೈನಿಗೆ ಫೋನು ಹಚ್ಚಿದ. ಬಹಳ ಹೊತ್ತು ಸಂಗೀತ ಕೇಳಿಸಿ, ಆಮೇಲೆ ಒಬ್ಬ ಹುಡುಗಿ ಸಿಕ್ಕಳು. ಅವನ ಪುಣ್ಯ, ಅವಳಿಗೆ ತಾಳ್ಮೆ ಇತ್ತು.

"ಸರ್, ನಿಮ್ಮ ಫಾರಂನಿಂದ ಹೋಗೋ ಇಮೇಲಲ್ಲಿ 'ಕಳಿಸಿದವರು' ಅನ್ನೋ ಕಡೆ ಯಾರ ವಿಳಾಸ ಹಾಕಿದ್ದೀರಿ?"

"ಬರೆದವರದ್ದೇ. ಅವರು ತಾನೇ ಕಳಿಸೋದು?"

"ಅಲ್ಲ ಸರ್, ಅಲ್ಲೇ ಎಡವಟ್ಟು. ಬರೆದದ್ದು ಅವರು, ಕಳಿಸ್ತಿರೋದು ನಿಮ್ಮ ವೆಬ್‌ಸೈಟಿರೋ ನಮ್ಮ ಯಂತ್ರ. ಬೇರೆಯವರ ಸಹಿ ಹಾಕಿ ನಾವು ಕಾಗದ ಕಳಿಸಿದ ಹಾಗಾಯ್ತು. ತಗೊಳ್ಳೋ ಕಡೆಯವರು ನೋಡ್ತಾರೆ, ಈ ವಿಳಾಸದ ಇಮೇಲು ಈ ಯಂತ್ರದಿಂದ ಯಾಕೆ ಬಂತು, ಯಾರೋ ಕಳ್ಳ ಇರ್ಬೇಕು ಅಂತ ಕಸಕ್ಕೆ ಹಾಕ್ತಾರೆ."

"ಮತ್ತೆ ನಂದು ಹೇಗೆ ಹೋಗುತ್ತೆ?"

"ನೀವೂ ನಿಮ್ಮ ಅಕ್ಕನೂ ಮೊದಲಿಂದ ಮೇಲ್ ಮಾಡ್ಕೊಂಡಿರ್ತೀರಲ್ಲ ಸರ್, ಪರಿಚಯದ ಮುಖ ಅಂತ ಬಿಟ್ಟಿರ್ಬೇಕು. ನೀವು ನಿಮ್ಮದರಿಂದಲೇ ಪರೀಕ್ಷೆ ಮಾಡಿದ್ರಿಂದ ಗೊತ್ತಾಗಿಲ್ಲ."

ಬೋರ್ಡಣ್ಣ ಹಣೆ ಹಣೆ ಬಡಿದುಕೊಂಡ. ಒಬ್ಬರ ಅಂಗಡಿಯ ಬಾಗಿಲ ಮೇಲೆ ಇನ್ನೊಬ್ಬರ ಬೋರ್ಡು ತೂಗುಹಾಕಿದರೆ ಯಾವ ಪೊಲೀಸಿನವನು ಸುಮ್ಮನಿರುತ್ತಾನೆ? ಇಷ್ಟು ವರ್ಷ ಬೋರ್ಡು ಬರೆದವನಿಗೆ ಇದು ಹೊಳೆಯಬೇಡವೇ!

ಹುಡುಗಿ ಹೇಳುತ್ತಾ ಹೋದಳು, ಅವನು ಮಾಡುತ್ತಾ ಹೋದ. 'ಕಳಿಸಿದವರು' ಎಂಬಲ್ಲಿ ಅಕ್ಕನ ಅಂಗಡಿಯ ಸ್ವಂತ ವಿಳಾಸ ಹಾಕಿದ. ಬರೆದವರ ವಿಳಾಸವನ್ನು 'ಉತ್ತರ ಇವರಿಗೆ' ಎಂಬ ಬೇರೆ ಸಾಲಿಗೆ ಸರಿಸಿದ. ಅಕ್ಕ ಉತ್ತರಿಸು ಎಂದು ಒತ್ತಿದರೆ ಅದು ಬರೆದವರಿಗೇ ಹೋಗುತ್ತದೆ, ಯಾರ ಸಹಿಯನ್ನೂ ಯಾರೂ ಕದ್ದಂತಾಗುವುದಿಲ್ಲ. ಇಮೇಲು ತನ್ನಷ್ಟಕ್ಕೆ ಹಿತ್ತಲ ಬಾಗಿಲಿಂದ ನುಸುಳದೆ, ಪಾಸ್‌ವರ್ಡ್ ಕೊಟ್ಟು ಮುಂಬಾಗಿಲಿಂದ ಹೊರಡುವಂತೆ ಮಾಡಿದ. ಆಮೇಲೆ ಅಂಗಡಿಯ ವೆಬ್‌ವಿಳಾಸದ ದಾಖಲೆಯಲ್ಲಿ ಎರಡು ಸಾಲು ಸೇರಿಸಿದ. ನಮ್ಮ ಹೆಸರಲ್ಲಿ ಇಮೇಲು ಕಳಿಸಲು ಇಂಥ ಯಂತ್ರಕ್ಕೆ ಮಾತ್ರ ಅನುಮತಿ ಎಂಬುದು ಒಂದು, ನಮ್ಮ ಇಮೇಲಿನ ಮುದ್ರೆ ಹೀಗಿರುತ್ತದೆ, ಹೊಂದಿಸಿ ನೋಡಿಕೊಳ್ಳಿ ಎಂಬುದು ಇನ್ನೊಂದು. ಈ ಎರಡನೆಯದನ್ನು ಅಂಟಿಸುವಾಗ ಕೊನೆಯ ಒಂದಕ್ಷರ ಬಿಟ್ಟುಹೋಗಿ, ಇಬ್ಬರೂ ಸಾಕಷ್ಟು ತಲೆ ಕೆರೆದುಕೊಂಡರು.

"ಕೊನೇದಾಗಿ ಸರ್," ಎಂದಳು ಹುಡುಗಿ, ನಗು ಕಚ್ಚಿ ಹಿಡಿದಂತಿತ್ತು ದನಿ, "ಇಮೇಲಿನ ವಿಷಯದ ಸಾಲಲ್ಲಿ ಏನು ಬರೆದಿದ್ದೀರಿ ಓದ್ತೀರಾ?"

ಬೋರ್ಡಣ್ಣ ಓದಿದ. "ತುರ್ತು, ತುರ್ತು, ಹೊಸ ಗಿರಾಕಿ ಬಂದಿದ್ದಾರೆ, ಈಗಲೇ ತೆರೆಯಿರಿ." ಪ್ರತಿ ಮಾತಿನ ಮುಂದೂ ಮೂರು ಮೂರು ಆಶ್ಚರ್ಯಚಿಹ್ನೆ. ಅಕ್ಕನ ಕಣ್ಣಿಗೆ ಬೀಳಲಿ ಎಂದು, ಕ್ಲಿಯರೆನ್ಸ್ ಸೇಲಿನ ಬೋರ್ಡಿನ ಹಾಗೆ ಅವನೇ ಪ್ರೀತಿಯಿಂದ ಬರೆದದ್ದು.

"ಲಾಟರಿಯವರೂ ಹೀಗೇ ಬರೀತಾರೆ ಸರ್."

ಅವನು ಅದನ್ನು ಅಳಿಸಿ, 'ಬೂಟಿನ ಬಗ್ಗೆ ವಿಚಾರಣೆ' ಎಂದಷ್ಟೇ ಬರೆದ. ಒಂದೂ ಚಿಹ್ನೆಯಿಲ್ಲ. ಬರೆದು ನೋಡಿದ, ಸಾದಾ ಅಕ್ಷರ, ಬಿಳಿಯ ಮೇಲೆ ಕಪ್ಪು. ಚೆನ್ನಾಗಿಯೇ ಇತ್ತು. ಮನುಷ್ಯರಲ್ಲದ ಯಂತ್ರಗಳೂ ಆ ಜಾಗದಲ್ಲಿ ಕಸ ತುಂಬಿ ಒತ್ತುತ್ತಿದ್ದುದರಿಂದ, ಕಣ್ಣಿಗೆ ಕಾಣದ, ತುಂಬುವ ಒಂದು ಖಾಲಿ ಚೌಕವನ್ನು ಅಲ್ಲಿ ಅಡಗಿಸಿಟ್ಟ. ಮನುಷ್ಯರಿಗೆ ಅದು ಕಾಣುವುದೇ ಇಲ್ಲ. ಯಂತ್ರ ಮಾತ್ರ ಕಂಡಿದ್ದೆಲ್ಲ ತುಂಬುವ ಹಪಾಹಪಿಯಲ್ಲಿ ಅದನ್ನೂ ತುಂಬಿ ಸಿಕ್ಕಿಬೀಳುತ್ತದೆ. ಬಂದ ಪ್ರತಿ ಪತ್ರದ ಒಂದು ನಕಲು ವೆಬ್‌ಸೈಟಿನಲ್ಲೇ ಉಳಿಯುವಂತೆಯೂ ಮಾಡಿದ. ಇಮೇಲು ದಾರಿ ತಪ್ಪಿದರೂ ಮಾತು ಕಳೆದುಹೋಗಬಾರದು. ಅಕ್ಕನ ಫೋನಿನ ವಿಳಾಸಪಟ್ಟಿಗೆ ಅಂಗಡಿಯ ಹೊಸ ವಿಳಾಸ ಸೇರಿಸಿದ.

ಈ ಬಾರಿ ಪರೀಕ್ಷೆಗೆ ತನ್ನ ಇಮೇಲನ್ನು ಮುಟ್ಟಲಿಲ್ಲ. ಹೆಂಡತಿಯಿಂದ ಕಳಿಸಿದ, ಕ್ಷೌರದಂಗಡಿಯವನಿಂದ ಕಳಿಸಿದ, ಪಿಟೀಲಿನ ಮೇಷ್ಟ್ರಿಂದ ಕಳಿಸಿದ. ಟಿಣ್, ಟಿಣ್, ಟಿಣ್. "ಸಾಕು ಮಾರಾಯಾ, ಕೈಯಲ್ಲಿ ದಬ್ಬಣ ಇದೆ, ಚುಚ್ಕೋತೀನಿ!" ಎಂದು ಅಕ್ಕ ಕೂಗಿದ ಮೇಲೆಯೇ ಅವನು ನಿಲ್ಲಿಸಿದ್ದು.

ಸಿಕ್ಕಿದ ಪತ್ರಗಳಿಗೆಲ್ಲ ಅಕ್ಕ ಉತ್ತರ ಬರೆದಳು. ಉಳಿದದ್ದು ಸಿಗದೇ ಹೋದವರ ಮಾತು. ಅವರಿಗೆ ಬರೆಯೋಣವೆಂದರೆ ಅವರ ಹೆಸರೇ ಇಲ್ಲ. ಬೋರ್ಡಣ್ಣ ಎರಡು ದಿನ ಸಪ್ಪೆ ಮುಖದಲ್ಲಿ ಓಡಾಡಿದ. ಆಮೇಲೆ ವೆಬ್‌ಸೈಟಿನ ನೆತ್ತಿಯ ಮೇಲೆ ಹೀಗೆ ಬರೆದ: 'ಹಿಂದೆ ನಮಗೆ ಬರೆದು ಉತ್ತರ ಸಿಗದವರೇ, ನಿಮ್ಮ ಪತ್ರ ನಮ್ಮ ಕೈ ಸೇರಲಿಲ್ಲ. ನಿಮ್ಮನ್ನು ಬೇಡವೆಂದದ್ದಲ್ಲ. ಇನ್ನೊಮ್ಮೆ ಬರೆಯಿರಿ.' ಅಷ್ಟಕ್ಕೆ ಸಮಾಧಾನವಾಗದೆ ಅಟ್ಟದಿಂದ ಒಂದು ಹಲಗೆ ಇಳಿಸಿ, ಸೆಟೆದ ಕುಂಚಗಳನ್ನು ಟರ್ಪೆಂಟೈನಿನಲ್ಲಿ ನೆನೆಹಾಕಿ, ನೂಲು ಮಿಡಿದು ಗೆರೆ ಹಾಕಿ, ಅದೇ ಮಾತನ್ನು ನೀಲಿ ಬಣ್ಣದಲ್ಲಿ ಬರೆದು ಅಕ್ಕನ ಅಂಗಡಿಯ ಮುಂದೆ ನಿಲ್ಲಿಸಿದ. ಮೊದಲ ಸಾಲು ಸ್ವಲ್ಪ ಸೊಟ್ಟಗಾಯಿತು, ಎರಡನೇ ಸಾಲಿಗೆ ಬರುವಷ್ಟರಲ್ಲಿ ಕೈ ಪಳಗಿತು. ಬೀದಿಯವರೆಲ್ಲ ಬಂದು ನಿಂತು ಓದಿದರು. ಓದಿದ್ದಕ್ಕಿಂತ ಅಕ್ಷರ ನೋಡಿದ್ದೇ ಹೆಚ್ಚು.

ಕೆಲವರು ನಿಜವಾಗಿಯೂ ಮತ್ತೆ ಬರೆದರು. ಒಬ್ಬ, 'ಈಗ ಜ್ಞಾನೋದಯವಾಯಿತೇ?' ಎಂದಷ್ಟೇ ಬರೆದ. ಇನ್ನೊಬ್ಬಳು ಬೇರೆ ಕಡೆ ಬೂಟು ಹೊಲಿಸಿಕೊಂಡಿದ್ದಳು, ಅದು ಕಚ್ಚುತ್ತಿತ್ತು, ಬರುತ್ತೇನೆ ಎಂದಳು. ಒಬ್ಬ ಮಗ ಹೀಗೆ ಬರೆದ: 'ಅಪ್ಪನಿಗಾಗಿ ಬರೆದಿದ್ದೆ. ಬೂಟಿನವರು ಬರೆಯುತ್ತಾರೆ, ಕಾಯೋಣ ಎನ್ನುತ್ತಿದ್ದರು. ಹೋದ ವರ್ಷ ತೀರಿಕೊಂಡರು. ನಿಮ್ಮ ಮೇಲೆ ನನಗೆ ಸಿಟ್ಟಿತ್ತು. ಈಗಿಲ್ಲ.'

ಅಕ್ಕ ಅದನ್ನು ಓದಿ ತಮ್ಮನಿಗೆ ಕೊಟ್ಟಳು. ಅವನೂ ಓದಿದ. ಆ ಮಗನಿಗೆ ಅಕ್ಕ ಏನು ಬರೆದಳೋ ಬೋರ್ಡಣ್ಣ ಕೇಳಲಿಲ್ಲ. ಬರೆಯಲು ಮಾತ್ರ ಅವಳಿಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಕೆಲವು ದಿನ ಬಿಟ್ಟು ಆ ಮಗ ಅಂಗಡಿಗೇ ಬಂದ. ಬೂಟು ಬೇಕಿರಲಿಲ್ಲ, ಸುಮ್ಮನೆ ಬಂದ. ಅಪ್ಪನ ಪಾದ ಹೇಗಿತ್ತು, ಎಲ್ಲಿ ನೋಯುತ್ತಿತ್ತು ಎಂದು ಅಕ್ಕ ವಿವರವಾಗಿ ಕೇಳಿದಳು, ಅವನು ವಿವರವಾಗಿ ಹೇಳಿದ. ಹೋಗುವಾಗ ಹಗುರವಾಗಿ ಹೋದ.

ಟೀಚರ ಬೂಟು ಸಿದ್ಧವಾಯಿತು. ಗಿಡ್ಡ ಕಾಲಿನದಕ್ಕೆ ಅಟ್ಟೆ ದಪ್ಪ. ಆದರೆ ಆ ದಪ್ಪವೆಲ್ಲ ಹೊರಗೆ ಕಾಣದಂತೆ ಅರ್ಧವನ್ನು ಒಳಗೇ ಅಡಗಿಸಿದ್ದಳು ಅಕ್ಕ. ಟೀಚರು ಹಾಕಿಕೊಂಡು, ಕೋಲು ಹಿಡಿದು ಎದ್ದು, ಗೋಡೆಯವರೆಗೆ ಹೋಗಿ ಬಂದಳು. ಇನ್ನೊಂದು ಸಲ ಹೋಗಿ ಬಂದಳು. ಮೂರನೇ ಸಲ ಕೋಲನ್ನು ತಾಯಿಯ ಕೈಗೆ ಕೊಟ್ಟಳು. ತಾಯಿ ಮೂಗೊರೆಸಿಕೊಳ್ಳುತ್ತಾ, "ಹೆಜ್ಜೆ ನೆಟ್ಟಗಿಡು, ಹೆಜ್ಜೆ ನೆಟ್ಟಗಿಡು" ಎಂದು ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದರು.

"ಅಮ್ಮಾ, ಇಟ್ಟೇ ಇದ್ದೀನಲ್ಲ!" ಎಂದಳು ಮಗಳು. ಎಲ್ಲರೂ ನಕ್ಕರು.

ಅಷ್ಟರಲ್ಲಿ ಅಕ್ಕನ ಫೋನು ಟಿಣ್ ಎಂದಿತು. ಮತ್ತೆ ಟಿಣ್ ಎಂದಿತು. ತಾಯಿಯ, ಆ ಟೆಲಿಫೋನಮ್ಮನ, ಕಿವಿ ನೆಟ್ಟಗಾಯಿತು. "ಅದ್ಯಾರೋ ಕಾಯ್ತಿದ್ದಾರೆ, ನೋಡ್ಬಾರ್ದಾ?"

"ನೋಡ್ತೀನಿ ಬಿಡಿ, ಕೈಗೆ ಅಂಟು ಮೆತ್ತಿಕೊಂಡಿದೆ. ಸಾಯಂಕಾಲ ನೋಡ್ತೀನಿ."

"ಸಾಯಂಕಾಲದ ತನಕ ಕಾಯಿಸ್ತೀರಾ? ಕೊಡಿ ಇಲ್ಲಿ." ಆಕೆ ಕನ್ನಡಕ ಏರಿಸಿ ಕೂತೇಬಿಟ್ಟರು. "ಏನು ಬರೀಲಿ? ಹೇಳಿ, ನಾನು ಒತ್ತುತ್ತೀನಿ."

ಅಂದು ಕೂತವರು ಮರುದಿನವೂ ಬಂದರು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಗೋಡೆ ನೋಡುತ್ತಾ ಕೂರುವುದು ಅವರಿಗೆ ಆಗದ ಮಾತು. ದಿನಾ ಬೆಳಿಗ್ಗೆ ಅಕ್ಕನ ಎದುರಿಗೆ ಒಂದು ಮೇಜು ಹಾಕಿಕೊಂಡು ಬಂದ ಪತ್ರಗಳಿಗೆಲ್ಲ ಉತ್ತರ ಬರೆಯುವುದು ಅವರ ಕೆಲಸವಾಯಿತು. ಮಧ್ಯೆ ಮಧ್ಯೆ ಸ್ಪ್ಯಾಮ್ ಮೂಲೆಯನ್ನೂ ಇಣುಕುವರು, ಯಾರಾದರೂ ಪಾಪ ದಾರಿ ತಪ್ಪಿ ಅಲ್ಲಿ ಬಿದ್ದಿದ್ದಾರೋ ಎಂದು. ಯಾರೂ ಬಿದ್ದಿರುತ್ತಿರಲಿಲ್ಲ. ಅಕ್ಕ ಹೊಲಿಯುತ್ತಾ ಹೇಳುವಳು, ಅವರು ಬರೆಯುವರು. ಅಕ್ಕ 'ಆಗಲ್ಲ' ಎಂದದ್ದು ಅವರ ಕೈಯಲ್ಲಿ 'ಸದ್ಯಕ್ಕೆ ಕಷ್ಟ, ಮುಂದಿನ ತಿಂಗಳು ಖಂಡಿತ' ಎಂದಾಗುತ್ತಿತ್ತು. ಇದಕ್ಕಾಗಿ ಇಬ್ಬರೂ ದಿನಕ್ಕೊಮ್ಮೆ ಜಗಳಾಡುವರು, ಟೀ ಕುಡಿದು ರಾಜಿಯಾಗುವರು.

ಬೋರ್ಡಣ್ಣ ಅಷ್ಟಕ್ಕೇ ಕೂರಲಿಲ್ಲ. ಅಕ್ಕನ ವೆಬ್‌ಸೈಟಿನ ಅಚ್ಚಿನಲ್ಲೇ ಅಲ್ಲವೇ ಉಳಿದವರದ್ದನ್ನೂ ಎರಕ ಹೊಯ್ದದ್ದು? ಒಬ್ಬೊಬ್ಬರ ಅಂಗಡಿಗೂ ತಾನೇ ಹೋಗಿ, ವಿಷಯ ಹೇಳಿ, ಸರಿಮಾಡಿಕೊಟ್ಟು ಬಂದ. ಪಿಟೀಲಿನ ಮೇಷ್ಟ್ರಿಗೆ ಹೊಸ ಶಿಷ್ಯರು ಸಿಕ್ಕಿದರು. ಬೀಗದಂಗಡಿಯವನ ಸ್ಪ್ಯಾಮ್ ಮೂಲೆಯಲ್ಲಿ, 'ಮನೆಯ ಹೊರಗೆ ಸಿಕ್ಕಿಹಾಕಿಕೊಂಡಿದ್ದೇನೆ, ಬೇಗ ಬನ್ನಿ' ಎಂದು ಮೂರು ವಾರದ ಹಿಂದೆ ಒಬ್ಬರು ಬರೆದದ್ದಿತ್ತು.

"ಇನ್ನೂ ಹೊರಗೇ ಇರ್ತಾರಾ?" ಎಂದು ಬೀಗದವನು ಗಾಬರಿಯಾಗಿ ಕೇಳಿದ. ಬೋರ್ಡಣ್ಣ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಇಬ್ಬರೂ ಸೇರಿ ಫೋನು ಮಾಡಿ ವಿಚಾರಿಸಿದರು. ಅವರು ಒಳಗೇ ಇದ್ದರು, ಆದರೆ ಹೊಸ ಬೀಗ ಬೇಕಿತ್ತು.

ಒಂದು ಸಂಜೆ ಬೋರ್ಡಣ್ಣ ಅಕ್ಕನ ಅಂಗಡಿಗೆ ಹೋದ. ಮಣೆಯ ಸುತ್ತ ಕತ್ತರಿಸಿದ ಚರ್ಮ ರಾಶಿ ಬಿದ್ದಿತ್ತು. ಕುರ್ಚಿಯ ಮೇಲೆ ಒಬ್ಬರು ಅಳತೆಗೆ ಕಾದಿದ್ದರು, ಹೊರಗೆ ಜಗಲಿಯ ಮೇಲೆ ಇನ್ನಿಬ್ಬರು. ಟೆಲಿಫೋನಮ್ಮ ತಲೆ ಎತ್ತದೆ ಒತ್ತುತ್ತಿದ್ದರು.

ಅಕ್ಕ ತಮ್ಮನನ್ನು ಹತ್ತಿರ ಕರೆದು, ಗುಟ್ಟು ಹೇಳುವಂತೆ ದನಿ ತಗ್ಗಿಸಿದಳು. "ಲೋ, ಇವು ಸ್ವಲ್ಪ ನಿಧಾನವಾಗಿ ಬರೋ ಹಾಗೆ ಏನಾದ್ರೂ ಮಾಡೋಕಾಗುತ್ತಾ?"

ಮೇಜಿನ ಕಡೆಯಿಂದ ತಕ್ಷಣ ಉತ್ತರ ಬಂತು. "ಏನೂ ಬೇಡ! ಬರೋರು ಬರಲಿ."

ಬೋರ್ಡಣ್ಣ ನಗುತ್ತಾ ನೆಲಕ್ಕೆ ಕೂತು, ಅಕ್ಕನ ದಾರದ ಉಂಡೆ ಎತ್ತಿಕೊಂಡು, ಎಳೆ ಎಳೆಯಾಗಿ ಮೇಣ ಹಚ್ಚಿಕೊಡತೊಡಗಿದ.